ಒಂದೇ ತಾರೀಖು! ಅದರೊಳಗ ಎಷ್ಟು ಕಥಿ ನೋಡ್ರಿ!

ಕಲಬುರಗಿಗೆ ಸ್ವಾತಂತ್ರ್ಯ ಬಂದ ದಿನ ಯಾವುದು? ಥಟ್ಟನೆ ಹೇಳಿ!

1947ರ ಆಗಸ್ಟ್ 15 ಎಂದಿರಾ? ಸೋತಿರಿ!

ಜೇವರ್ಗಿ ಕಾಲೋನಿಯ ಕಟ್ಟೆಯ ಮೇಲೆ ಕೂತ ಯಾವ ಹಿರಿಯರನ್ನಾದರೂ ಕೇಳಿ ನೋಡಿ. ‘ಅದು ದಿಲ್ಲಿ ತಾರೀಖ್ರೀ, ನಮ್ಮದು ಬ್ಯಾರೆ ಅದ’ ಎಂದು ನಗುತ್ತಾರೆ. ಅವರ ತಾರೀಖು ಸೆಪ್ಟೆಂಬರ್ 17. ವರ್ಷ 1948!

ಅಂದರೆ ದಿಲ್ಲಿಯಲ್ಲಿ ಪೇಡೆ ಹಂಚಿ, ಪಟಾಕಿ ಹಾರಿಸಿ ಎಷ್ಟು ದಿನಗಳಾದ ಮೇಲೆ? ಊಹಿಸಿ. ನೂರು? ಇನ್ನೂರು? ಇನ್ನೂ ಮೇಲೆ ಹೋಗಿ. ಮುನ್ನೂರು? ಸಾಲದು!

399 ದಿನ!

ನಾನೂರಕ್ಕೆ ಒಂದೇ ಒಂದು ಕಡಿಮೆ. ತಾಳಿ, ಇಷ್ಟಕ್ಕೇ ಬೆರಗಾಗಬೇಡಿ. ಆ 399ನ್ನು ಏಳರಿಂದ ಭಾಗಿಸಿ. 57 ಬಂತೇ? ಶೇಷ ಉಳಿಯಿತೇ? ಉಳಿಯಲಿಲ್ಲ! ಸರಿಯಾಗಿ 57 ವಾರ. 1947ರ ಆಗಸ್ಟ್ 15 ಶುಕ್ರವಾರ. 1948ರ ಸೆಪ್ಟೆಂಬರ್ 17? ಅದೂ ಶುಕ್ರವಾರ! ಒಂದು ಶುಕ್ರವಾರ ದೇಶಕ್ಕೆ, ಇನ್ನೊಂದು ಶುಕ್ರವಾರ ನಮಗೆ. ಇದನ್ನು ಯಾರೂ ಯೋಜಿಸಿರಲಿಲ್ಲ. ತಾನಾಗಿ ಕೂಡಿಬಂತು!

ಹಾಗಾದರೆ ಆ 57 ವಾರ ಕಲಬುರಗಿ ಯಾವ ದೇಶದಲ್ಲಿತ್ತು?

ನಿಜಾಮರ ಹೈದರಾಬಾದಿನಲ್ಲಿ! ಅದು ಸಣ್ಣ ಸಂಸ್ಥಾನ ಎಂದುಕೊಂಡಿದ್ದರೆ ಆ ಮಾತು ಈಗಲೇ ಬಿಡಿ. 82,000 ಚದರ ಮೈಲಿಗೂ ಮಿಕ್ಕಿದ ನೆಲ. ಇಂಗ್ಲೆಂಡ್, ಸ್ಕಾಟ್ಲೆಂಡ್ ಎರಡನ್ನೂ ಒಟ್ಟಿಗೆ ಇಟ್ಟರೂ ಇದೇ ದೊಡ್ಡದು! 1941ರ ಜನಗಣತಿಯಲ್ಲೇ ಒಂದೂವರೆ ಕೋಟಿಗಿಂತ ಹೆಚ್ಚು ಜನ. ತೆಲುಗು, ಮರಾಠಿ, ಕನ್ನಡ ಮೂರೂ ಭಾಷೆಗಳ ಜಿಲ್ಲೆಗಳು. ಕನ್ನಡದ ಪಾಲಿಗೆ ಮೂರು: ಕಲಬುರಗಿ, ಬೀದರ, ರಾಯಚೂರು. ದೊರೆ ಮೀರ್ ಉಸ್ಮಾನ್ ಅಲಿ ಖಾನ್, ಏಳನೆಯ ನಿಜಾಮ. ಜಗತ್ತಿನ ಅತ್ಯಂತ ಶ್ರೀಮಂತ ಎಂದು ಅಮೆರಿಕದ ‘ಟೈಮ್’ ಪತ್ರಿಕೆ 1937ರಲ್ಲಿ ಮುಖಪುಟದಲ್ಲೇ ಅವರ ಚಿತ್ರ ಹಾಕಿತ್ತು. 184 ಕ್ಯಾರೆಟ್ ದಾಟಿದ ಜಾಕೋಬ್ ವಜ್ರವನ್ನು ಅವರು ಎಲ್ಲಿಡುತ್ತಿದ್ದರು ಗೊತ್ತೇ? ತಿಜೋರಿಯಲ್ಲಲ್ಲ. ಮೇಜಿನ ಮೇಲೆ! ಕಾಗದ ಹಾರದಂತೆ ಇಡುವ ಗುಂಡಾಗಿ!

ಈಗ ನಿಮ್ಮ ಅಜ್ಜನ ಜೇಬಿಗೆ ಕೈ ಹಾಕೋಣ. ಅಲ್ಲಿ ಇದ್ದದ್ದು ಭಾರತದ ರೂಪಾಯಿ ಅಲ್ಲ. ನಿಜಾಮರ ಸ್ವಂತ ನಾಣ್ಯ, ಹಾಲಿ ಸಿಕ್ಕಾ! ಬ್ರಿಟಿಷರ ರೂಪಾಯಿಗೆ ಜನ ಕಲ್ದಾರ ಎನ್ನುತ್ತಿದ್ದರು. ಸೊಲ್ಲಾಪುರದ ಸಂತೆಗೆ ಹೋಗಬೇಕೆಂದರೆ ಲೆಕ್ಕ ಹೀಗೆ: ಏಳು ಹಾಲಿ ಕೊಟ್ಟರೆ ಆರು ಕಲ್ದಾರ. ಎಮ್ಮೆ ವ್ಯಾಪಾರಕ್ಕೂ ವಿದೇಶಿ ವಿನಿಮಯ!

ಅಂಚೆ ಚೀಟಿಯೂ ಬೇರೆ. ಸೇನೆಯೂ ಬೇರೆ. ರೇಡಿಯೋ ಕೂಡ ಬೇರೆ.

ಇನ್ನೂ ಇದೆ. ಕಚೇರಿಯ ಗೋಡೆಯ ಮೇಲಿನ ವರ್ಷ ಎಷ್ಟಿತ್ತು? 1948 ಎನ್ನುವಿರೇನು? ಅಲ್ಲವೇ ಅಲ್ಲ. 1357! ಹೌದು, ನಿಜಾಮರ ಸರ್ಕಾರ ನಡೆಸುತ್ತಿದ್ದದ್ದು ಫಸಲಿ ವರ್ಷದ ಲೆಕ್ಕದಲ್ಲಿ. ನಮ್ಮ ಕ್ಯಾಲೆಂಡರಿಗೂ ಅದಕ್ಕೂ ಸುಮಾರು 590 ವರ್ಷಗಳ ಅಂತರ. ಹಳೆಯ ಹೊಲದ ಕಾಗದ, ಖರೀದಿ ಪತ್ರ ಮನೆಯಲ್ಲಿದ್ದರೆ ತೆಗೆದು ನೋಡಿ. 1350 ಎಂದು ಕಂಡರೆ ಬಹಮನಿ ಸುಲ್ತಾನರ ಕಾಲದ ಕಾಗದ ಸಿಕ್ಕಿತೆಂದು ಕುಣಿಯಬೇಡಿ. ಅದು ನಿಮ್ಮ ಮುತ್ತಜ್ಜನದೇ!

ಆದರೆ ಆ 57 ವಾರ ಬರೀ ಮೋಜಿನದಾಗಿರಲಿಲ್ಲ. ನಿಜಾಮರ ಪರ ನಿಂತ, ಲಾತೂರಿನ ವಕೀಲ ಖಾಸಿಂ ರಜ್ವಿಯ ಖಾಸಗಿ ರಜಾಕಾರ ಪಡೆ ಹಳ್ಳಿಹಳ್ಳಿಗೆ ನುಗ್ಗಿದ ಕಾಲ ಅದು. ಬಸವಕಲ್ಯಾಣ ತಾಲೂಕಿನ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ಬೀದರ ಸೀಮೆ ಇವತ್ತಿಗೂ ಮರೆತಿಲ್ಲ. ಅದೇ ಮೇ 22ರಂದು ಗಾಣಗಾಪುರ ನಿಲ್ದಾಣದಲ್ಲಿ ಮದ್ರಾಸು–ಮುಂಬೈ ರೈಲಿನ ಮೇಲೆ ದಾಳಿ. ಅಂಜಿದ ಕುಟುಂಬಗಳು ಗಡಿ ದಾಟಿ ಓಡಿದವು. ಗಡಿಯಾಚೆ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳ ಶಿಬಿರ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆ ಅವರ ಶಿಬಿರ. ಅಲ್ಲಿಂದ ಹುಡುಗರು ಒಳನುಗ್ಗಿ ನಿಜಾಮರ ಠಾಣೆಗಳನ್ನು ಕಾಡುತ್ತಿದ್ದರು. ಇಡೀ ಸಂಸ್ಥಾನದ ಹೋರಾಟಕ್ಕೆ ಸ್ವಾಮಿ ರಮಾನಂದ ತೀರ್ಥರ ಮುಂದಾಳತ್ವ. ಕಾವಿಯುಟ್ಟ ಆ ಸನ್ಯಾಸಿಯೇ 1952ರ ಮೊದಲ ಚುನಾವಣೆಯಲ್ಲಿ ಕಲಬುರಗಿಯ ಸಂಸದರಾಗಿ ಲೋಕಸಭೆಗೆ ಹೋದರು!

ಈಗ ಒಂದು ಸಿನಿಮಾ ದೃಶ್ಯ. ನಂಬುವುದು ಕಷ್ಟ, ಆದರೂ ನಡೆದದ್ದು!

ಬೀದರಿನ ವಿಮಾನ ನೆಲೆ ಗೊತ್ತಲ್ಲ? ಇವತ್ತು ವಾಯುಪಡೆಯ ಸೂರ್ಯಕಿರಣ ತಂಡದ ತವರು. 1948ರಲ್ಲಿ ಅಲ್ಲಿಗೆ ಯಾವ ವಿಮಾನಗಳು ಬರುತ್ತಿದ್ದವು ಹೇಳಿ ನೋಡೋಣ.

ಕಳ್ಳಸಾಗಣೆಯ ವಿಮಾನಗಳು! ಕರಾಚಿಯಿಂದ! ಹೊಟ್ಟೆ ತುಂಬ ಮದ್ದುಗುಂಡು!

ನಡೆಸುತ್ತಿದ್ದವನು ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದವನು. ಎರಡನೆಯ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರಿಗಾಗಿ ಜರ್ಮನಿಯ ಮೇಲೆ ಹಾರಿ ಗುಟ್ಟಾಗಿ ಫೋಟೋ ಹೊಡೆದ ಗೂಢಚಾರ. ಚಳಿ ತಡೆಯುವ ಪೈಲಟ್ ಅಂಗಿಯನ್ನೇ ಕಂಡುಹಿಡಿದು ಅದನ್ನು ತನ್ನ ಹೆಸರಿನಿಂದಲೇ ‘ಸಿಡ್‌ಕಾಟ್’ ಎಂದು ಕರೆದವನು! ಯುದ್ಧದ ಬಾಂಬರುಗಳನ್ನು ಸಾಗಣೆಗೆಂದು ಮಾರ್ಪಡಿಸಿದ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ಬೀದರ, ವಾರಂಗಲ್ ಕಡೆಯ ರನ್‌ವೇಗಳಿಗೆ ಬಂದೂಕು ಇಳಿಸುತ್ತಿದ್ದ. ಇಷ್ಟೆಲ್ಲ ಮಾಡಿದ್ದಕ್ಕೆ ಆಮೇಲೆ ಇಂಗ್ಲೆಂಡಿನಲ್ಲಿ ಬಿದ್ದ ದಂಡ ಎಷ್ಟು? ಒಂದು ಲಕ್ಷ ಪೌಂಡ್? ಹತ್ತು ಸಾವಿರ?

200 ಪೌಂಡ್. ಅಷ್ಟೇ!

ಸರಿ, ಸೆಪ್ಟೆಂಬರಿಗೆ ಬರೋಣ. ಆ ತಿಂಗಳ 11ಕ್ಕೆ ಕರಾಚಿಯಲ್ಲಿ ಜಿನ್ನಾ ತೀರಿಕೊಂಡರು. ಎರಡೇ ದಿನ ಕಳೆದು 13ರ ನಸುಕಿನ ನಾಲ್ಕು ಗಂಟೆಗೆ ಭಾರತದ ಸೇನೆ ಗಡಿ ದಾಟಿತು. ಸರ್ಕಾರಿ ಭಾಷೆಯಲ್ಲಿ ಇದು ಯುದ್ಧವಲ್ಲ, ಬರೀ ‘ಪೊಲೀಸ್ ಆ್ಯಕ್ಷನ್’. ಟ್ಯಾಂಕುಗಳು, ಟೆಂಪೆಸ್ಟ್ ವಿಮಾನಗಳು, ಗೂರ್ಖಾ ಪಡೆಗಳು, ಇವೆಲ್ಲ ಪೊಲೀಸರಂತೆ! ಆದರೂ ಆ ಹೆಸರೇ ನಮ್ಮವರ ಬಾಯಲ್ಲಿ ನಿಂತಿತು. ವಯಸ್ಸು ಕೇಳಿದರೆ ನಮ್ಮ ಕಡೆಯ ಮುದುಕರು ಇಸವಿ ಹೇಳುತ್ತಿರಲಿಲ್ಲ. ‘ಪೊಲೀಸ್ ಆ್ಯಕ್ಷನ್ ಆದಾಗ ನಾ ಇಷ್ಟ ಇದ್ದೆ ನೋಡು’ ಎಂದು ಕೈಯಿಂದ ಎತ್ತರ ತೋರಿಸುತ್ತಿದ್ದರು.

ಸೇನೆಯವರು ಒಳಗೊಳಗೆ ಇಟ್ಟ ಹೆಸರು ಆಪರೇಷನ್ ಪೋಲೊ. ಏಕೆ ಪೋಲೊ? ಹೈದರಾಬಾದಿನಲ್ಲಿ ಕುದುರೆ ಮೇಲೆ ಕೂತು ಆಡುವ ಪೋಲೊ ಮೈದಾನಗಳು ಜಗತ್ತಿನ ಬೇರೆಲ್ಲೂ ಇಲ್ಲದಷ್ಟು ಇದ್ದವಂತೆ. ಅದಕ್ಕೇ ಆ ಹೆಸರು ಎನ್ನುತ್ತಾರೆ. ಎಷ್ಟು ಮೈದಾನ? ಹೇಳಲೇ?

17!

ಅಲ್ಲರೀ, ಈ ಸಂಖ್ಯೆ ನಮ್ಮ ಬೆನ್ನು ಬಿಡುವುದೇ ಇಲ್ಲವಲ್ಲ!

ಪಡೆಗಳು ಬಂದ ದಾರಿ ಯಾವುದು? ಮುಖ್ಯ ಪಡೆ ಹೊರಟದ್ದು ಸೊಲ್ಲಾಪುರದಿಂದ. ಮೊದಲ ದಿನ ನಳದುರ್ಗ. ಆಮೇಲೆ ಉಮರಗಾ. ಆಮೇಲೆ? ಆಮೇಲೆ ನಮ್ಮದೇ ನೆಲ! ಸೆಪ್ಟೆಂಬರ್ 14ರ ಮಧ್ಯಾಹ್ನದ ಹೊತ್ತಿಗೆ ರಾಜೇಶ್ವರ. ಹೌದು, ಬಸವಕಲ್ಯಾಣ ತಾಲೂಕಿನ ಅದೇ ರಾಜೇಶ್ವರ! ದಾರಿಯ ಉದ್ದಕ್ಕೂ ರಜಾಕಾರರು ಹೊಂಚು ಹಾಕಿ ಕೂತಿದ್ದರು. ಮೇಲಿಂದ ವಿಮಾನಗಳು ಎರಗಿ ದಾರಿ ಬಿಡಿಸಿದವು. ಅಲ್ಲಿಂದ ಹುಮನಾಬಾದ್ ಹಾದು ಜಹೀರಾಬಾದಿನತ್ತ.

ಈಗ ನಕ್ಷೆಯ ಮೇಲೆ ಬೆರಳಿಡಿ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ರಸ್ತೆಯಲ್ಲಿ ಸಿಗುವ ಊರು ಯಾವುದು? ಕಮಲಾಪುರ! ಕೆಂಪು ಬಾಳೆಹಣ್ಣಿನ ಕಮಲಾಪುರ! ಭೌಗೋಳಿಕ ಗುರುತು ಪಡೆದ ಆ ಬಾಳೆಯ ತೋಟಗಳ ಊರಿನಿಂದ ನೆಟ್ಟಗೆ ಉತ್ತರಕ್ಕೆ ಹೋದರೆ ಟ್ಯಾಂಕುಗಳು ಉರುಳಿದ ಹೆದ್ದಾರಿಯೇ ಅಡ್ಡ ಬರುತ್ತದೆ. ಸೊಲ್ಲಾಪುರ–ಹೈದರಾಬಾದ್ ರಸ್ತೆ. ಎಷ್ಟು ಸಲ ಆ ರಸ್ತೆಯಲ್ಲಿ ಬಸ್ಸಿನ ಕಿಟಕಿಗೆ ತಲೆಯಿಟ್ಟು ನಿದ್ದೆ ಹೊಡೆದಿದ್ದೀರಿ! ನಾನೂ ಹೊಡೆದಿದ್ದೇನೆ.

ದಕ್ಷಿಣದಲ್ಲೂ ಸುಮ್ಮನಿರಲಿಲ್ಲ. ಹೊಸಪೇಟೆ ಕಡೆಯಿಂದ ನುಗ್ಗಿದವರು ಯಾರು? ಮೈಸೂರು ಪಡೆ! ಕನ್ನಡದ ಹುಡುಗರು ಕನ್ನಡದ ನೆಲ ಬಿಡಿಸಲು ಬಂದಿದ್ದರು. ಮೊದಲ ದಿನವೇ ಅಲ್ಲೊಂದು ಕಾರ್ಖಾನೆಗಾಗಿ ಕಾಳಗ ನಡೆಯಿತು. ಮದ್ದಿನ ಕಾರ್ಖಾನೆಯೇ? ಅಲ್ಲ, ಸಕ್ಕರೆ ಕಾರ್ಖಾನೆ! ರಜಾಕಾರರನ್ನೂ ಪಠಾಣರನ್ನೂ ಓಡಿಸಿ ಅದನ್ನು ಹಿಡಿದರು. ಅತ್ತ ತುಂಗಭದ್ರೆಯ ಸೇತುವೆ ಗೂರ್ಖಾಗಳ ಕೈಗೆ.

ನಾಲ್ಕನೆಯ ದಿನ ಜಹೀರಾಬಾದಿನ ದಾರಿಯಲ್ಲಿ ನೆಲಬಾಂಬುಗಳು. ಪಡೆ ತಡವಾಯಿತು. ಆದರೂ ಸಂಜೆಗೆ ಅದನ್ನು ದಾಟಿತು.

ಐದನೆಯ ದಿನ. ಸೆಪ್ಟೆಂಬರ್ 17, ಶುಕ್ರವಾರ. ನಸುಕಿಗೇ ಸೇನೆ ಬೀದರ ಹೊಕ್ಕಿತು. ಕಾಟನ್ ಬಂದೂಕು ಇಳಿಸಿದ್ದ ಅದೇ ಬೀದರ! ಅತ್ತ ಇನ್ನೊಂದು ಪಡೆ ವಿಜಯವಾಡದ ದಾರಿಯಿಂದ ಚಿತ್ಯಾಲಕ್ಕೆ ಬಂದು ಮುಟ್ಟಿತ್ತು. ಮತ್ತೊಂದು ಹಿಂಗೋಲಿ ಹಿಡಿದಿತ್ತು. ಹೈದರಾಬಾದ್ ಸುತ್ತಲೂ ಉರುಳು ಬಿಗಿಯಿತು. ಪ್ರಧಾನಿ ಲಾಯಕ್ ಅಲಿಯ ಮಂತ್ರಿಮಂಡಲ ರಾಜೀನಾಮೆ ಎಸೆಯಿತು. ಸಂಜೆ ಐದಕ್ಕೆ ನಿಜಾಮರಿಂದ ಕದನವಿರಾಮದ ಆಜ್ಞೆ. ರಜಾಕಾರ ಪಡೆ ನಿಷೇಧ.

ಮುಗಿಯಿತು!

13ರ ನಸುಕಿನ ನಾಲ್ಕರಿಂದ 17ರ ಸಂಜೆ ಐದಕ್ಕೆ. ಲೆಕ್ಕ ಹಾಕಿ. 109 ಗಂಟೆ! ಅಸಫ್ ಜಾಹಿ ಮನೆತನ ಆಳಿದ್ದು ಎರಡು ಶತಮಾನಕ್ಕೂ ಹೆಚ್ಚು. ಉರುಳಲು ಬೇಕಾದದ್ದು ಐದು ಹಗಲೂ ಪೂರ್ತಿಯಲ್ಲ! ಮಾರನೆಯ ದಿನ ಹೈದರಾಬಾದ್ ಸೇನಾಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಮುಂದೆ ವಿಧಿವತ್ತಾಗಿ ಶರಣಾದರು. ಅದೇ ಚೌಧುರಿ ಮುಂದೆ ಭಾರತದ ಸೇನಾ ಮುಖ್ಯಸ್ಥರಾದರು.

ಇಷ್ಟಕ್ಕೇ ಉಸಿರು ಬಿಡಬೇಡಿ. ಆ ಶುಕ್ರವಾರ ಪ್ಯಾರಿಸಿನಲ್ಲಿ ಏನಾಗುತ್ತಿತ್ತು ಗೊತ್ತೇ?

ಹೈದರಾಬಾದಿನ ಸರ್ಕಾರ ಭಾರತದ ಮೇಲೆ ವಿಶ್ವಸಂಸ್ಥೆಗೆ ದೂರು ಕೊಟ್ಟಿತ್ತು! ಭದ್ರತಾ ಮಂಡಳಿ ಆಗ ಸೇರುತ್ತಿದ್ದದ್ದು ಪ್ಯಾರಿಸಿನಲ್ಲಿ. ಸೆಪ್ಟೆಂಬರ್ 16ರಂದು ಆ ದೂರು ಚರ್ಚೆಗೆ ಬಂತು. ಕಲಬುರಗಿ ಯಾರದು ಎಂಬುದು ಪ್ಯಾರಿಸಿನ ಸಭಾಂಗಣದ ಮಾತು! ಮುಂದಿನ ಸಭೆಯೊಳಗೆ? ದೂರು ಕೊಟ್ಟ ಸರ್ಕಾರವೇ ಇಲ್ಲ! ಕೆಲವೇ ದಿನಗಳಲ್ಲಿ ನಿಜಾಮರೇ ದೂರು ಹಿಂಪಡೆದರು.

ಅದೇ 17ರಂದು ಇನ್ನೊಂದು ಸುದ್ದಿ ಜಗತ್ತನ್ನು ನಡುಗಿಸಿತು. ಜೆರುಸಲೇಮಿನಲ್ಲಿ ವಿಶ್ವಸಂಸ್ಥೆಯ ಶಾಂತಿ ಸಂಧಾನಕಾರ ಕೌಂಟ್ ಫೋಕ್ ಬರ್ನಾಡೊಟ್ ಅವರನ್ನು ಹಾಡಹಗಲೇ ಗುಂಡಿಟ್ಟು ಕೊಂದರು. ಅದೇ ತಾರೀಖು! ಅದೇ ಶುಕ್ರವಾರ! ವಿಶ್ವಸಂಸ್ಥೆಯ ಮೇಜಿನ ಮೇಲಿದ್ದ ಎರಡು ಬಿಸಿ ವಿಷಯಗಳು ಒಂದೇ ದಿನ ತಿರುವು ಪಡೆದವು. ಒಂದಕ್ಕೆ ನಮ್ಮ ಬೀದರ, ಇನ್ನೊಂದಕ್ಕೆ ಜೆರುಸಲೇಮು.

ಇಲ್ಲಿ ಒಂದು ಗಳಿಗೆ ದನಿ ತಗ್ಗಿಸಬೇಕು. ವಿಜಯದ ಆಚೆ ಇನ್ನೊಂದು ಲೆಕ್ಕವಿದೆ. ಪೊಲೀಸ್ ಆ್ಯಕ್ಷನ್ ನಡೆದಾಗ ಮತ್ತು ಅದರ ಬೆನ್ನಿಗೆ ಮುಸ್ಲಿಮರ ಮೇಲೆ ಭಯಂಕರ ಹಿಂಸೆ ನಡೆಯಿತು. ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಇಡೀ ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜು ಕಟ್ಟಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳ ಹೆಸರು ಕೇಳಿ: ಉಸ್ಮಾನಾಬಾದ್, ನಾಂದೇಡ, ಬೀದರ, ಕಲಬುರಗಿ. ವರದಿ ದಶಕಗಳ ಕಾಲ ಬೀಗದೊಳಗೇ ಇತ್ತು. ಸಾಮಾನ್ಯರ ಕಣ್ಣಿಗೆ ಬಿದ್ದದ್ದು 2013ರಲ್ಲಿ. ಅದರಲ್ಲೇ ಇನ್ನೊಂದು ಮಾತೂ ಇದೆ. ಹಿಂದೂ ನೇಕಾರರು ತಮ್ಮ ಜೊತೆಯ ಮುಸ್ಲಿಂ ನೇಕಾರರನ್ನು ಕಾಪಾಡಲು ಅಡ್ಡ ನಿಂತರು, ಕೆಲವೆಡೆ ತಮ್ಮ ಪ್ರಾಣವನ್ನೇ ತೆತ್ತರು. ಈ ತಾರೀಖಿನ ಕಥೆ ಹೇಳುವಾಗ ಈ ಪುಟ ಹಾರಿಸುವವರು ಅರ್ಧ ಕಥೆಯನ್ನಷ್ಟೇ ಹೇಳುತ್ತಾರೆ.

ಮುಂದಕ್ಕೆ ಹೋಗೋಣ. ದುಡ್ಡಿನ ಕಥೆ!

ಕದನವಿರಾಮವಾಗಿ ಮೂರೇ ದಿನ. ಸೆಪ್ಟೆಂಬರ್ 20. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಬ್ಯಾಂಕಿನಲ್ಲಿದ್ದ ನಿಜಾಮರ ಸರ್ಕಾರದ ಹಣ ದಿಢೀರನೆ ಪಾಕಿಸ್ತಾನದ ಹೈಕಮಿಷನರ್ ರಹಿಮತುಲ್ಲಾ ಅವರ ಹೆಸರಿಗೆ ವರ್ಗವಾಯಿತು. ಎಷ್ಟು? 10,07,940 ಪೌಂಡ್, ಮೇಲೆ ಒಂಬತ್ತು ಶಿಲ್ಲಿಂಗ್! ಶಿಲ್ಲಿಂಗನ್ನೂ ಬಿಡಲಿಲ್ಲ ಮಹಾರಾಯರು. ನಿಜಾಮರು ‘ನಾನು ಒಪ್ಪಿಲ್ಲ, ವಾಪಸು ಕೊಡಿ’ ಎಂದರು. ಪಾಕಿಸ್ತಾನ ‘ನಮ್ಮದು’ ಎಂದಿತು. ಬ್ಯಾಂಕು ‘ಯಾರಿಗೂ ಕೊಡೆವು’ ಎಂದು ಕೂತಿತು.

ಎಷ್ಟು ವರ್ಷ ಕೂತಿತು? ಹತ್ತು? ಇಪ್ಪತ್ತು?

71 ವರ್ಷ!

2019ರ ಅಕ್ಟೋಬರ್ 2ರಂದು ಲಂಡನ್ನಿನ ಹೈಕೋರ್ಟು ತೀರ್ಪು ಕೊಟ್ಟಿತು. ಹಣ ಭಾರತಕ್ಕೂ ನಿಜಾಮರ ವಾರಸುದಾರರಿಗೂ ಸೇರಬೇಕು. ಅಷ್ಟೊತ್ತಿಗೆ ಹತ್ತು ಲಕ್ಷ ಪೌಂಡು ಬಡ್ಡಿ ಸೇರಿ ಎಷ್ಟಾಗಿತ್ತು? ಸುಮಾರು ಮೂರೂವರೆ ಕೋಟಿ ಪೌಂಡ್! ಆ 2019 ಎಂಬ ವರ್ಷವನ್ನು ನೆನಪಿಟ್ಟುಕೊಳ್ಳಿ, ಇನ್ನೊಮ್ಮೆ ಬೇಕಾಗುತ್ತದೆ.

ಮೊದಲು ಹೇಳಿ, ಶರಣಾದ ನಿಜಾಮರು ಏನಾದರು? ಜೈಲಿಗೆ ಹೋದರೇ? ದೇಶ ಬಿಟ್ಟರೇ?

ಎರಡೂ ಅಲ್ಲ. 1950ರ ಜನವರಿ 26ರಿಂದ ಅವರೇ ಹೈದರಾಬಾದ್ ರಾಜ್ಯದ ರಾಜಪ್ರಮುಖರು! ಈಗಿನ ರಾಜ್ಯಪಾಲರಿಗೆ ಸಮನಾದ ಹುದ್ದೆ. ಅಂದರೆ ವಿಮೋಚನೆಯಾದ ಮೇಲೂ ಕಲಬುರಗಿಯ ತಲೆಯ ಮೇಲಿನ ಹೆಸರು ಅದೇ! ಹಾಲಿ ಸಿಕ್ಕಾ ಕೂಡ ಕೂಡಲೇ ಹೋಗಲಿಲ್ಲ. ಕೆಲವು ವರ್ಷ ಎರಡೂ ನಾಣ್ಯ ಜೇಬಿನಲ್ಲಿ ಜಗಳವಾಡಿಕೊಂಡಿದ್ದವು.

ಆಮೇಲೆ 1956ರ ಅಕ್ಟೋಬರ್ 31. ಕಲಬುರಗಿಯವರು ಮಲಗಿದ್ದು ನಿಜಾಮರು ರಾಜಪ್ರಮುಖರಾಗಿದ್ದ ರಾಜ್ಯದಲ್ಲಿ. ಬೆಳಗಾದರೆ ನವೆಂಬರ್ 1. ಮೈಸೂರು ರಾಜ್ಯ. ರಾಜ್ಯಪಾಲರು ಯಾರು? ಜಯಚಾಮರಾಜೇಂದ್ರ ಒಡೆಯರ್! ಒಂದೇ ರಾತ್ರಿಯಲ್ಲಿ ಒಬ್ಬ ಮಾಜಿ ದೊರೆಯಿಂದ ಇನ್ನೊಬ್ಬ ಮಾಜಿ ದೊರೆಗೆ! ಪ್ರಜಾಪ್ರಭುತ್ವಕ್ಕೂ ಒಮ್ಮೊಮ್ಮೆ ತಮಾಷೆ ಮಾಡುವ ಮನಸ್ಸಾಗುತ್ತದೆ ನೋಡಿ.

ಇನ್ನು ಆ ಶುಕ್ರವಾರದ ಮಕ್ಕಳನ್ನು ಹುಡುಕೋಣ ಬನ್ನಿ.

ಜೇವರ್ಗಿ ತಾಲೂಕಿನ ನೆಲೋಗಿಯಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬನಿದ್ದ. ದೊಡ್ಡವನಾಗಿ ಅದೇ ಜೇವರ್ಗಿಯಿಂದ ಮತ್ತೆ ಮತ್ತೆ ಗೆದ್ದು 2004ರಲ್ಲಿ ಕರ್ನಾಟಕದ ಮುಖ್ಯಮಂತ್ರಿಯಾದ. ಯಾರು? ಜೇವರ್ಗಿ ಕಾಲೋನಿಯವರಿಗೆ ಇದು ಪ್ರಶ್ನೆಯೇ ಅಲ್ಲ. ಎನ್. ಧರಂಸಿಂಗ್! ಚಿಂಚೋಳಿಯಲ್ಲಿ ಇಪ್ಪತ್ತನಾಲ್ಕರ ಯುವಕನೊಬ್ಬ. ವೀರೇಂದ್ರ ಪಾಟೀಲ! ಅವರು ಎರಡು ಸಲ ಮುಖ್ಯಮಂತ್ರಿ. ನಿಜಾಮರ ಪ್ರಜೆಗಳಾಗಿ ಹುಟ್ಟಿದ ಇಬ್ಬರು ವಿಧಾನಸೌಧದ ಗದ್ದುಗೆ ಏರಿದರು!

ಮೂರನೆಯವನು ಇನ್ನೂ ಸಣ್ಣವನು. ಭಾಲ್ಕಿ ತಾಲೂಕಿನ ವರವಟ್ಟಿ. ಆರೇಳು ವರ್ಷದ ಹುಡುಗ. ರಜಾಕಾರರು ಮನೆಗೆ ಬೆಂಕಿ ಇಟ್ಟರು. ತಾಯಿ, ತಂಗಿ ಬೆಂಕಿಗೆ ಆಹುತಿ. ಅಪ್ಪ ಮಗ ಇಬ್ಬರೇ ಉಳಿದರು. ಅವರು ಕಡೆಗೆ ಬಂದು ನೆಲೆ ನಿಂತದ್ದು ಕಲಬುರಗಿಯಲ್ಲಿ. ಹುಡುಗ ಓದಿ ವಕೀಲನಾದ. ಎಂಎಸ್‌ಕೆ ಮಿಲ್ಲಿನ ಕಾರ್ಮಿಕ ಸಂಘಕ್ಕೆ ಕಾನೂನು ಸಲಹೆಗಾರನಾದ. ಕೇಂದ್ರದ ರೈಲ್ವೆ ಮಂತ್ರಿಯಾದ. 2022ರಲ್ಲಿ ಕಾಂಗ್ರೆಸ್ಸಿನ ರಾಷ್ಟ್ರೀಯ ಅಧ್ಯಕ್ಷ. ಮಲ್ಲಿಕಾರ್ಜುನ ಖರ್ಗೆ!

ಆ ಸುಟ್ಟ ಮನೆಯಿಂದ ಬಂದವರೇ ಮುಂದೆ ಈ ಹಿಂದುಳಿದ ನಾಡಿಗೆ ಸಂವಿಧಾನದಲ್ಲೇ ಜಾಗ ಕೊಡಿಸಲು ಬೆನ್ನು ಹತ್ತಿದರು. 371ನೆಯ ಅನುಚ್ಛೇದಕ್ಕೆ ‘ಜೆ’ ಎಂಬ ಒಂದೇ ಅಕ್ಷರ ಸೇರಿಸಲು 98ನೆಯ ತಿದ್ದುಪಡಿ ಬೇಕಾಯಿತು. 2012ರ ಡಿಸೆಂಬರಿನಲ್ಲಿ ಸಂಸತ್ತಿನ ಒಪ್ಪಿಗೆ. ಫಲ? ಈ ಭಾಗದ ಕಾಲೇಜುಗಳಲ್ಲಿ 100ಕ್ಕೆ 70 ಸೀಟು ಇಲ್ಲಿನ ಮಕ್ಕಳಿಗೆ! ರಾಜ್ಯದ ಉಳಿದ ಕಡೆಯೂ 100ಕ್ಕೆ 8! ನಿಮ್ಮ ಓಣಿಯಲ್ಲಿ ಡಾಕ್ಟರ್ ಓದುತ್ತಿರುವ ಹುಡುಗಿಯನ್ನು ಕೇಳಿ. ‘ತ್ರೀ ಸೆವೆಂಟಿ ಒನ್ ಜೆ’ ಸರ್ಟಿಫಿಕೇಟು ಎಷ್ಟು ಜತನದಿಂದ ಇಟ್ಟಿದ್ದಾಳೆ ಎಂದು ತೋರಿಸುತ್ತಾಳೆ.

ಈಗ ಆ 2019. ಅದೇ ಸೆಪ್ಟೆಂಬರ್ 17! ಕಲಬುರಗಿಯಲ್ಲಿ ಆಗಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪ ಈ ಭಾಗಕ್ಕೆ ಹೊಸ ಹೆಸರು ಸಾರಿದರು. ಹೈದರಾಬಾದ್ ಕರ್ನಾಟಕ ಹೋಯಿತು, ಕಲ್ಯಾಣ ಕರ್ನಾಟಕ ಬಂತು! ಚಾಲುಕ್ಯರ ರಾಜಧಾನಿ, ಬಸವಣ್ಣನವರ ಕರ್ಮಭೂಮಿ ಕಲ್ಯಾಣದ ಹೆಸರು. 1948ರ 17ಕ್ಕೆ ನಿಜಾಮರ ಆಳ್ವಿಕೆ ಹೋಯಿತು. ನಿಜಾಮರ ಊರಿನ ಹೆಸರು ಹೋಗಲು ಇನ್ನೂ 71 ವರ್ಷ. ಸರಿಯಾಗಿ ಹದಿನೈದು ದಿನಕ್ಕೆ ಲಂಡನ್ನಿನಲ್ಲಿ ನಿಜಾಮರ ದುಡ್ಡಿನ ತೀರ್ಪು! ಎರಡಕ್ಕೂ 71 ವರ್ಷ. ಈಗ ತಿಳಿಯಿತೇ ಏಕೆ ನೆನಪಿಟ್ಟುಕೊಳ್ಳಲು ಹೇಳಿದೆ?

2024ರಲ್ಲಿ ಅದೇ ತಾರೀಖಿಗೆ ಇಡೀ ಮಂತ್ರಿಮಂಡಲವೇ ಬೆಂಗಳೂರು ಬಿಟ್ಟು ಕಲಬುರಗಿಗೆ ಬಂತು. ಇಲ್ಲೇ ಸಂಪುಟ ಸಭೆ! ಹನ್ನೊಂದು ಸಾವಿರ ಕೋಟಿ ರೂಪಾಯಿಗೂ ಮೀರಿದ ಯೋಜನೆಗಳಿಗೆ ಒಪ್ಪಿಗೆ ಎಂದು ಘೋಷಣೆ. ಎಷ್ಟು ನೆಲಕ್ಕಿಳಿಯಿತು ಎಂಬುದನ್ನು ಕಾಲೋನಿಯ ಗಟಾರಗಳೂ ತಾಲೂಕಿನ ರಸ್ತೆಗಳೂ ಹೇಳಬೇಕು, ನಾನಲ್ಲ. ಆದರೂ ತಾರೀಖಿನ ಜೋರು ನೋಡಿ! ಪ್ರತಿ ವರ್ಷ ಸರ್ದಾರ್ ಪಟೇಲ್ ವೃತ್ತದ ಪ್ರತಿಮೆಗೆ ಹಾರ, ಪೊಲೀಸ್ ಪರೇಡ್ ಮೈದಾನದಲ್ಲಿ ಧ್ವಜ. ಆಗಸ್ಟ್ 15, ಜನವರಿ 26 ಸಾಲದೆಂಬಂತೆ ನಮ್ಮ ಮಕ್ಕಳಿಗೆ ಇನ್ನೊಂದು ದಿನ ಲಾಡು!

ಇದೇ ತಾರೀಖಿನ ಚಿಲ್ಲರೆ ಬೆರಗುಗಳೂ ಇವೆ. ‘ಅಮರ ಚಿತ್ರ ಕಥಾ’ ಓದದ ಬಾಲ್ಯ ಉಂಟೇ? ಅದನ್ನು ಹುಟ್ಟುಹಾಕಿದ ಅನಂತ ಪೈ ಹುಟ್ಟಿದ್ದು ಕಾರ್ಕಳದಲ್ಲಿ, 1929ರ ಸೆಪ್ಟೆಂಬರ್ 17! ತಮಿಳುನಾಡಿನ ಪೆರಿಯಾರ್? ಈರೋಡಿನ ಕನ್ನಡ ಮನೆಮಾತಿನ ಕುಟುಂಬದಲ್ಲಿ, 1879ರ ಸೆಪ್ಟೆಂಬರ್ 17! ಅಮೆರಿಕದ ಸಂವಿಧಾನಕ್ಕೆ ಸಹಿ ಬಿದ್ದದ್ದು? 1787ರ ಸೆಪ್ಟೆಂಬರ್ 17!

ಕೊನೆಯ ಸವಾಲು. ಒಂದೇ ದಿನದಲ್ಲಿ ಒಂದೇ ಹಬ್ಬವನ್ನು ಮೂರು ರಾಜ್ಯಗಳಲ್ಲಿ, ಮೂರು ಹೆಸರಿನಲ್ಲಿ ಆಚರಿಸಬಲ್ಲಿರಾ?

ಆಗುವುದಿಲ್ಲ ಎನ್ನಬೇಡಿ! ಬರುವ ಸೆಪ್ಟೆಂಬರ್ 17ಕ್ಕೆ ಜೇವರ್ಗಿ ಕಾಲೋನಿಯಿಂದ ಬೆಳಗ್ಗೆ ಬೇಗ ಹೊರಡಿ. ಪಟೇಲ್ ವೃತ್ತದಲ್ಲಿ ಕಲ್ಯಾಣ ಕರ್ನಾಟಕ ಉತ್ಸವ. ಕೈ ಮುಗಿದು ಗಾಡಿ ಹತ್ತಿ. ಕಮಲಾಪುರದಲ್ಲಿ ಕೆಂಪು ಬಾಳೆ ಸಿಕ್ಕರೆ ಒಂದು ಚಿಪ್ಪು ಕಟ್ಟಿಸಿಕೊಳ್ಳಿ. ಹುಮನಾಬಾದಿನಲ್ಲಿ ಹೆದ್ದಾರಿ ಸಿಗುತ್ತದೆ. ಬಲಕ್ಕೆ ತಿರುಗಿದರೆ ತೆಲಂಗಾಣದ ಜಹೀರಾಬಾದ್. ಅಲ್ಲಿ 2022ರಲ್ಲಿ ರಾಷ್ಟ್ರೀಯ ಸಮೈಕ್ಯತಾ ದಿನವಾಗಿದ್ದದ್ದು 2024ರಿಂದ ಪ್ರಜಾ ಪಾಲನ ದಿನೋತ್ಸವ. ಕೇಂದ್ರ ಸರ್ಕಾರದವರು ಅದನ್ನೇ ಹೈದರಾಬಾದ್ ವಿಮೋಚನಾ ದಿನ ಎನ್ನುತ್ತಾರೆ. ಒಂದೇ ಊರಲ್ಲಿ ಎರಡು ಹೆಸರು! ವಾಪಸು ಹುಮನಾಬಾದಿಗೆ ಬಂದು ಅದೇ ಹೆದ್ದಾರಿಯಲ್ಲಿ ನೇರ ಮುಂದೆ ಹೋಗಿ. ರಾಜೇಶ್ವರ ದಾಟಿದ ಮೇಲೆ ಮಹಾರಾಷ್ಟ್ರದ ಉಮರಗಾ. ಅಲ್ಲಿ ಅದೇ ದಿನದ ಹೆಸರು ಮರಾಠವಾಡಾ ಮುಕ್ತಿಸಂಗ್ರಾಮ ದಿನ. ಟ್ಯಾಂಕುಗಳಿಗೆ ಈ ಉಮರಗಾದಿಂದ ಜಹೀರಾಬಾದ್ ದಾಟಲು ಮೂರು ದಿನ ಹಿಡಿದಿತ್ತು. ನೀವು ಸಂಜೆಯ ಚಹಾದೊಳಗೆ ಮುಗಿಸುತ್ತೀರಿ!